ಮೂಲೆ ಕಲ್ಲು ವಾಲುತ್ತಿದೆ: ಹೊರಗಿನಿಂದ ಎಳೆದು ಕಟ್ಟೋದಾ, ಒಳಗಿನಿಂದ ಆನಿಸೋದಾ?

ಹೊಸ_ಬೇಲಿ:
ಎಲ್ಲರಿಗೂ ನಮಸ್ಕಾರ. ಹಿರಿಯೂರು ಕಡೆ ನಮ್ಮದು ಮೂರು ಎಕರೆ ಜಮೀನಿದೆ. ನಾನಿರುವುದು ಬೆಂಗಳೂರಿನಲ್ಲಿ, ತಿಂಗಳಿಗೆ ಎರಡು ಸಲ ಹೋಗಿಬರುತ್ತೇನೆ. ಬೇಸಿಗೆಯಲ್ಲಿ ಸುತ್ತ ಬೇಲಿ ಹಾಕಿಸಿದೆ. ಏಳಡಿ ಕಲ್ಲು ಕಂಬ, ಎರಡಡಿ ಮಣ್ಣಿನೊಳಗೆ, ಹತ್ತಡಿಗೊಂದು. ನಾಲ್ಕಡಿ ಚೈನ್ ಲಿಂಕ್ ಜಾಲರಿ, ಮೇಲೆ ಒಂದು ಸಾಲು ಮುಳ್ಳುತಂತಿ.

ಮೂರು ಮೂಲೆ ಗರಸು ನೆಲದಲ್ಲಿವೆ (ಸಣ್ಣ ಕಲ್ಲು ಬೆರೆತ ಮಣ್ಣು), ಗಟ್ಟಿಯಾಗಿ ನಿಂತಿವೆ. ನಾಲ್ಕನೆಯದು ತಗ್ಗಿನಲ್ಲಿ, ಎರೆ ಮಣ್ಣು. ಮೊದಲ ಎರಡು ಮಳೆಗೇ ಆ ಮೂಲೆ ಕಲ್ಲು ಹೊಲದ ಒಳಗೆ ಒಂದು ಗೇಣು ವಾಲಿದೆ. ಜಾಲರಿ ಹೊಟ್ಟೆ ಬಿಟ್ಟಿದೆ.

ಬೇಲಿ ಹಾಕಿದವರು "ಬುಡಕ್ಕೆ ಕಾಂಕ್ರೀಟ್ ಸುರಿದರೆ ಸರಿಹೋಗುತ್ತೆ" ಎನ್ನುತ್ತಾರೆ. ಮಾವ "ಕರೆಂಟ್ ಕಂಬವನ್ನು ಓರೆಯಾಗಿ ನೆಲಕ್ಕೆ ಎಳೆದು ಕಟ್ಟಿದ ತಂತಿ ಇರುತ್ತಲ್ಲ, ಹಾಗೆ ಸ್ಟೇ ಕೊಡು" ಎನ್ನುತ್ತಾರೆ. ಆನ್‌ಲೈನಿನಲ್ಲಿ ದೊಡ್ಡ ಸ್ಕ್ರೂ ತರಹದ ಆ್ಯಂಕರ್ ನೋಡಿದೆ, ತಿರುಗಿಸಿ ನೆಲಕ್ಕೆ ಇಳಿಸುವುದು. ಯಾವುದು ಸರಿ?

ಸದ್ಯಕ್ಕೆ ಪಕ್ಕದಲ್ಲೇ ಇರುವ ಕರೆಂಟ್ ಕಂಬದ ಸ್ಟೇ ತಂತಿಗೆ ಮೂಲೆ ಕಲ್ಲನ್ನು ಜಿಐ ತಂತಿಯಲ್ಲಿ ಎಳೆದು ಕಟ್ಟಿದ್ದೇನೆ. ಹಿಡಿದುಕೊಂಡಿದೆ.

ಸುಮ್ನೆ_ಓದುವೆ:
ಕೊನೆಯ ಎರಡು ವಾಕ್ಯ ಓದಿ ಟೀ ಲೋಟ ಕೆಳಗಿಟ್ಟೆ.

ಕಂಬ_ಹತ್ತಿದವ:
ಸ್ವಾಮಿ, ಮೊದಲು ಆ ತಂತಿ ಬಿಚ್ಚಿಸಿ. ನೀವೇ ಹೋಗಿ ಮುಟ್ಟಬೇಡಿ. 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಕರೆಸಿ, ಲೈನ್ ಆಫ್ ಮಾಡಿಸಿಯೇ ಬಿಚ್ಚಬೇಕು.

ನಾನು ಮೂವತ್ತು ವರ್ಷ ಕಂಬ ಹತ್ತಿ ನಿವೃತ್ತನಾದವನು. ಸ್ಟೇ ತಂತಿಯ ಮಧ್ಯೆ ಮೊಟ್ಟೆಯಾಕಾರದ ಪಿಂಗಾಣಿ ಇರುತ್ತೆ, ಸ್ಟೇ ಇನ್ಸುಲೇಟರ್. ನೆಲದಿಂದ ಕನಿಷ್ಠ 3 ಮೀಟರ್ ಎತ್ತರದಲ್ಲಿ ಅದು ಇರಬೇಕು. ಮೇಲೆ ಲೈನ್ ತಂತಿ ಹರಿದು ಸ್ಟೇ ಮೇಲೆ ಬಿದ್ದರೂ ಕೆಳಗಿನ ಭಾಗಕ್ಕೆ ಕರೆಂಟ್ ಇಳಿಯಬಾರದು ಅಂತ ಅದನ್ನು ಹಾಕುವುದು. ಆದರೆ ಒಡೆದ ಇನ್ಸುಲೇಟರನ್ನು, ಇಲ್ಲವೇ ಇನ್ಸುಲೇಟರೇ ಇಲ್ಲದ ಸ್ಟೇಯನ್ನು ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಅಂಥ ದಿನ ನಿಮ್ಮ ಮೂರು ಎಕರೆ ಬೇಲಿ ಪೂರ್ತಿ ಕರೆಂಟ್ ಬೇಲಿ ಆಗುತ್ತೆ. ದನ, ನಾಯಿ, ಆಳು, ನೀವು, ಯಾರು ಮೊದಲು ಮುಟ್ಟುತ್ತಾರೋ ಅವರು.

ಹೊಸ_ಬೇಲಿ:
ಸರ್, ನಿಜವಾಗಿಯೂ ತಲೆಗೆ ಹೊಳೆದಿರಲಿಲ್ಲ. ಈಗಲೇ ಊರಿಗೆ ಫೋನ್ ಮಾಡಿ ಯಾರೂ ಆ ಕಡೆ ಹೋಗಬೇಡಿ ಅಂತ ಹೇಳಿದ್ದೇನೆ. 1912ಕ್ಕೂ ಹೇಳಿದೆ.

ಅಮ್ಮನ_ತೋಟ:
ನಮ್ಮೂರಲ್ಲಿ ಸ್ಟೇ ತಂತಿಗೆ ಎಮ್ಮೆ ಕಟ್ಟುತ್ತಾರೆ, ಸೀರೆ ಒಣಹಾಕುತ್ತಾರೆ. ಹೇಳಿದರೆ "ಇದರಲ್ಲಿ ಕರೆಂಟ್ ಎಲ್ಲಿದೆ ಬಿಡಕ್ಕಾ" ಅನ್ನುವ ಉತ್ತರ. ಮಳೆಗಾಲದಲ್ಲಿ ಒಂದು ಎಮ್ಮೆ ಹೋದ ಮೇಲೆ ಆ ಬೀದಿಯವರು ಮಾತ್ರ ಬಿಟ್ಟಿದ್ದಾರೆ. ಪಕ್ಕದ ಬೀದಿಯಲ್ಲಿ ಇನ್ನೂ ನಡೆಯುತ್ತಿದೆ.

ಗಡಾರಿ_ಗುರು:
ಆಯ್ತು, ಕರೆಂಟ್ ವಿಷಯ ಮುಗೀತು. ಈಗ ಕಲ್ಲಿನ ವಿಷಯಕ್ಕೆ ಬನ್ನಿ. ನಾನು ಮಂಡ್ಯ ಕಡೆಯವನು, ಹದಿನೈದು ವರ್ಷದಿಂದ ಕಲ್ಲು ಕೂಚ ನೆಟ್ಟು ಬೇಲಿ ಹಾಕುವುದೇ ಕೆಲಸ. ಅಣ್ಣಾ, ಒಂದು ಪ್ರಶ್ನೆ: ಆ ಮೂಲೆಗೆ ಸಪೋರ್ಟ್ ಕಲ್ಲು ಕೊಟ್ಟಿದ್ದಾರಾ ಇಲ್ವಾ?

ಹೊಸ_ಬೇಲಿ:
ಒಂದು ಇದೆ. ಮೂಲೆ ಕಲ್ಲಿನ ಹೊರಗಡೆಯಿಂದ ಓರೆಯಾಗಿ ನಿಲ್ಲಿಸಿದ್ದಾರೆ.

ಗಡಾರಿ_ಗುರು:
ಹೊರಗಡೆಯಿಂದ! ಅದು ಬರೀ ಅಲಂಕಾರ. ಕಲ್ಲು ವಾಲುತ್ತಿರುವುದು ಒಳಗೆ. ಬೀಳುವವನನ್ನು ಎದೆ ಕಡೆಯಿಂದ ತಡೆಯಬೇಕೋ, ಬೆನ್ನಿಗೆ ಕೋಲು ಕೊಡಬೇಕೋ?

ಸಪೋರ್ಟ್ ಕಲ್ಲು ಯಾವಾಗಲೂ ತಂತಿ ಎಳೆಯುವ ಕಡೆ ಬರಬೇಕು, ಬೇಲಿ ಸಾಲಿನ ನೇರಕ್ಕೆ. ಮೂಲೆಯಲ್ಲಿ ಎರಡು ಸಾಲು ಸೇರುತ್ತವೆ, ಅದಕ್ಕೆ ಎರಡು ಸಪೋರ್ಟ್ ಬೇಕು, ಸಾಲಿಗೊಂದು. ಅವುಗಳ ಬುಡಕ್ಕೆ ಒಂದು ಚಪ್ಪಡಿ ತುಂಡು ಇಡಬೇಕು. ಇಲ್ಲದಿದ್ದರೆ ಎರೆ ಮಣ್ಣಿನಲ್ಲಿ ಸಪೋರ್ಟ್ ಕಲ್ಲೇ ಬೆಣೆ ಇಳಿದ ಹಾಗೆ ಇಳಿದುಬಿಡುತ್ತೆ.

ಹೊರಗಡೆ ಬರುವುದು ಸ್ಟೇ. ಅದು ಎಳೆಯುತ್ತೆ. ಸಪೋರ್ಟ್ ತಳ್ಳುತ್ತೆ. ಇಷ್ಟು ಗೊತ್ತಿಲ್ಲದವರು ಬೇಲಿ ಗುತ್ತಿಗೆ ಹಿಡಿಯುತ್ತಾರೆ ನೋಡಿ.

ಅರ್ಧ_ಇಂಜಿನಿಯರ್:
ಗುರುಗಳು ಹೇಳಿದ್ದು ಸರಿ, ಆದರೆ ಒಂದು ಸೇರಿಸುತ್ತೇನೆ. ಸಪೋರ್ಟ್ ಕಲ್ಲು ತುಂಬಾ ಕಡಿದಾಗಿ, ಬುಡಕ್ಕೆ ಹತ್ತಿರ ನಿಂತರೆ ಜಾಕ್ ಹಾಗೆ ಕೆಲಸ ಮಾಡುತ್ತೆ. ತಂತಿ ಎಳೆದಷ್ಟೂ ಮೂಲೆ ಕಲ್ಲನ್ನು ಮಣ್ಣಿನಿಂದ ಮೇಲಕ್ಕೆ ಎತ್ತುತ್ತೆ. ಎರಡಡಿ ಹೂತ ಕಲ್ಲಿಗೆ ಅದು ಸಾಕು, ಮಳೆಗೆ ಮೆತ್ತಗಾದ ಎರೆಯಲ್ಲಂತೂ ಸರಾಗ. ಹಾಗಾಗಿ ಸಪೋರ್ಟಿನ ಕಾಲು ದೂರ ಹೋಗಬೇಕು.

ಗಡಾರಿ_ಗುರು:
ದೂರ ಹೋಗಲಿಕ್ಕೆ ಉದ್ದ ಕಲ್ಲು ಬೇಕಲ್ಲ ಸರ್. ಎಲ್ಲರೂ ಸಪೋರ್ಟಿಗೆ ಮುರಿದ ಕಲ್ಲು ಕೊಡಿ ಅಂತಾರೆ. ದುಡ್ಡು ಉಳಿಸುವ ಜಾಗ ಅದೇ ಅವರಿಗೆ.

ಸುಮ್ನೆ_ಓದುವೆ:
ಕೂಚ ಅಂದ್ರೆ ಏನು?

ಗಡಾರಿ_ಗುರು:
ಬೇಲಿಗೆ ನೆಡುವ ಕಲ್ಲು ಗುರು. ಕಂಬ ಅಂದರೆ ಕರೆಂಟ್ ಕಂಬ, ಗರುಡಗಂಬ. ಬೇಲಿಗೆ ಕೂಚ.

ಎರೆ_ಹೊಲ:
ನಮ್ಮ ಗದಗ ಕಡೆ ಯಾರೂ ಹಾಗನ್ನುವುದಿಲ್ಲ ರೀ. ಕಲ್ಲಿನ ಕಂಬ ಅಂದರೆ ಕಲ್ಲಿನ ಕಂಬ.

ಮಲ್ನಾಡ್_ಜಿಗಣೆ:
ನಮ್ಮಲ್ಲಿ ಗೂಟ. ಅದೂ ಕಲ್ಲಿನದ್ದಲ್ಲ. ಗೊಬ್ಬರದ ಗಿಡದ ಕೊಂಬೆ ಕಡಿದು ಮಳೆಗಾಲದ ಮೊದಲು ನೆಟ್ಟರೆ ಚಿಗುರಿ ಬೇರು ಬಿಡುತ್ತೆ. ಬೇರಿಗಿಂತ ಒಳ್ಳೆಯ ಆ್ಯಂಕರ್ ತೋರಿಸಿ ನೋಡೋಣ. ಸೊಪ್ಪು ತೋಟಕ್ಕೆ ಗೊಬ್ಬರ.

ಎರೆ_ಹೊಲ:
ಬಯಲುಸೀಮೆಯಲ್ಲಿ ನೆಟ್ಟು ನೋಡ್ರಿ, ಚಿಗುರುವುದರೊಳಗೆ ಆಡು ತಿಂದಿರುತ್ತೆ.

ಸರಿ, ಎರೆ ಮಣ್ಣಿನ ಬಗ್ಗೆ ಹೇಳುವುದಿದೆ. ಇದು ಹಸಿಯಾದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಏಪ್ರಿಲ್‌ನಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಮೊಣಕೈವರೆಗೆ ಕೈ ಹೋಗುತ್ತೆ. ಆ ಬಿರುಕು ಕಂಬದ ಬುಡದ ಸುತ್ತಲೇ ಮೊದಲು ಬೀಳುತ್ತೆ. ಮಳೆ ಬಂದಾಗ ನೀರು ನೇರವಾಗಿ ಅದರೊಳಗೆ ಇಳಿಯುತ್ತೆ. ಕಂಬ ಆಗ ಅಂಬಲಿಯಲ್ಲಿ ನಿಲ್ಲಿಸಿದ ಕೋಲು. ಬೇಸಿಗೆಯಲ್ಲಿ ಬೇಲಿ ಹಾಕಿಸಿದೆ ಅಂದಿರಲ್ಲ, ಆಗ ಅಗೆದ ಎರೆ ಹೆಂಟೆಯನ್ನೇ ಗುಂಡಿಗೆ ತುಂಬಿರುತ್ತಾರೆ. ಒಣ ಹೆಂಟೆ ಎಷ್ಟು ಕುಟ್ಟಿದರೂ ಕೂರುವುದಿಲ್ಲ. ಮೇಲೆ ಗಟ್ಟಿಯಾಗಿ ಕಾಣುತ್ತೆ, ಒಳಗೆ ಪೊಳ್ಳು.

ನಾವು ಮಾಡುವುದು ಇಷ್ಟೇ: ಅಗೆದ ಎರೆಯನ್ನು ಹೊಲಕ್ಕೆ ಎಸೆದುಬಿಡುತ್ತೇವೆ. ಗುಂಡಿಗೆ ಗರಸು ತಂದು ತುಂಬುತ್ತೇವೆ. ಆರಿಂಚು ಹಾಕು, ಸ್ವಲ್ಪ ನೀರು ಚಿಮುಕಿಸು, ಹಾರೆಯ ಹಿಂಬದಿಯಲ್ಲಿ ಕುಟ್ಟು. ಮತ್ತೆ ಆರಿಂಚು. ಕೊನೆಗೆ ಬುಡದಲ್ಲಿ ಮಣ್ಣು ದಿಬ್ಬ ಮಾಡಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಬೇಕು.

ಹೊಸ_ಬೇಲಿ:
ನನ್ನ ಹತ್ತಿರವೇ ಗರಸು ಇದೆ, ಮೇಲಿನ ಮೂಲೆಯಲ್ಲಿ! ಯಾರಿಗೂ ಹೊಳೆಯಲಿಲ್ಲ. ಹಾಗಾದರೆ ಕಾಂಕ್ರೀಟ್ ಬೇಡವಾ?

ಬುಲೆಟ್_ಬಸ್ಯಾ:
ಎಲ್ಲರೂ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ಒಂದು ಮೂಟೆ ಸಿಮೆಂಟ್, ನಾಲ್ಕು ಬಾಂಡ್ಲಿ ಜಲ್ಲಿ. ಬುಡಕ್ಕೆ ಸುರಿ. ಮುಗೀತು. ನಮ್ಮ ಗೇಟ್ ಕಂಬ ಹತ್ತು ವರ್ಷದಿಂದ ನಿಂತಿದೆ.

ಅರ್ಧ_ಇಂಜಿನಿಯರ್:
ಬಸ್ಯಾ ಅವರೇ, ನಿಮ್ಮ ಗೇಟ್ ಕಂಬ ಯಾವ ಮಣ್ಣಿನಲ್ಲಿದೆ?

ಬುಲೆಟ್_ಬಸ್ಯಾ:
ಕೆಂಪು ಮಣ್ಣು.

ಅರ್ಧ_ಇಂಜಿನಿಯರ್:
ಅದೇ ಮತ್ತೆ. ಲೆಕ್ಕ ಹಾಕೋಣ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಎರಡಡಿ ಆಳದ ಕಾಂಕ್ರೀಟ್ ಗಟ್ಟಿಯ ತೂಕ ಸುಮಾರು 300 ಕೆಜಿ. ಕೇಳಲು ಜಾಸ್ತಿ. ಆದರೆ ಬೇಲಿ ಎಳೆತ ಬರುವುದು ನೆಲದಿಂದ ನಾಲ್ಕೈದು ಅಡಿ ಮೇಲೆ, ಹಿಡಿತ ಇರುವುದು ಕೆಳಗೆ ಎರಡಡಿ. ಹಾರೆ ಹಾಕಿ ಬಂಡೆ ಮೀಟಿದ ಹಾಗೆ ಅದು. ಸುತ್ತ ಇರುವ ಎರೆ ಮೆತ್ತಗಾದಾಗ ಕಾಂಕ್ರೀಟ್ ಸಮೇತ ಕಲ್ಲು ವಾಲುತ್ತೆ. ಆಮೇಲೆ ಅದನ್ನು ಕಿತ್ತು ಸರಿಮಾಡಲು ಜೆಸಿಬಿ ಬೇಕು.

ಎರೆ ನೆಲದಲ್ಲಿ ಮನೆ ಕಟ್ಟುವಾಗಲೂ ಇದೇ ತೊಂದರೆ. ಅದಕ್ಕೆ ಕೆಳಗಡೆ ಗಡ್ಡೆ ಹಾಗೆ ಅಗಲವಾಗುವ ಪೈಲ್ ಹಾಕುತ್ತಾರೆ, ಅಂಡರ್ ರೀಮ್ಡ್ ಪೈಲ್ ಅಂತ. ನಮ್ಮ ದೇಶದಲ್ಲಿ ಅದನ್ನು ಬೆಳೆಸಿದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಉಬ್ಬುವ ಕುಗ್ಗುವ ಪದರ ದಾಟಿ ಕೆಳಗಿನ ಅಲುಗದ ಮಣ್ಣಿನಲ್ಲಿ ಕಾಲೂರುವುದು ಅದರ ಉಪಾಯ. ಬೇಲಿಗೆ ಅಷ್ಟೆಲ್ಲ ಬೇಡ, ಸ್ಟೇ ಸಾಕು. ಆದರೆ ಸ್ಟೇಗೂ ಅದೇ ಮಾತು: ಆಳ.

ಕಂಬ_ಹತ್ತಿದವ:
ಆಳದ ಮಾತು ಬಂತಲ್ಲ, ಕರೆಂಟ್ ಕಂಬದ ಸ್ಟೇ ಹೇಗೆ ಹೂಳುತ್ತೇವೆ ಹೇಳುತ್ತೇನೆ. ಬೇಲಿಗೂ ಇದೇ ಸಣ್ಣ ಅಳತೆಯಲ್ಲಿ ಬರುತ್ತೆ.

ಸ್ಟೇ ಸೆಟ್ ಅಂದರೆ ಒಂದು ಚೌಕದ ಕಬ್ಬಿಣದ ಪ್ಲೇಟ್, ಅದರ ನಡುವೆ ತೂರಿದ 16 ಅಥವಾ 20 ಮಿ.ಮೀ. ದಪ್ಪದ ರಾಡ್, ತುದಿಯಲ್ಲಿ ಬಿಗಿ ಮಾಡುವ ಟರ್ನ್ ಬಕಲ್. ಅಲ್ಲಿಂದ ಮೇಲಕ್ಕೆ ಏಳು ಎಳೆ ಹೆಣೆದ ಜಿಐ ಸ್ಟೇ ತಂತಿ. ಗುಂಡಿ ಐದಡಿ ಆಳ. ಪ್ಲೇಟ್ ಕೆಳಗೆ ಓರೆಯಾಗಿ ಕೂರಬೇಕು, ಎಳೆತಕ್ಕೆ ಎದೆ ಕೊಟ್ಟ ಹಾಗೆ. ರಾಡ್ ಕಂಬದ ತಲೆ ಕಡೆಗೇ ನೋಡುತ್ತಿರಬೇಕು, ಸ್ಟೇ ತಂತಿಯ ನೇರಕ್ಕೆ. ನೆಲದ ಮೇಲೆ ಕಾಣುವುದು ರಾಡಿನ ತುದಿ ಮಾತ್ರ.

ತಪ್ಪು ಆಗುವುದು ಎಲ್ಲಿ ಗೊತ್ತಾ? ಗುಂಡಿ ನೆಟ್ಟಗೆ ತೋಡುತ್ತಾರೆ, ರಾಡನ್ನೂ ನೆಟ್ಟಗೆ ನಿಲ್ಲಿಸಿ ಮಣ್ಣು ಮುಚ್ಚುತ್ತಾರೆ. ತಂತಿ ಎಳೆಯುವುದು ಓರೆಗೆ. ಮೊದಲ ಮಳೆಗೆ ರಾಡ್ ಮೆತ್ತಗಿನ ಮಣ್ಣನ್ನು ಚಾಕು ಹಾಗೆ ಸೀಳಿಕೊಂಡು ತಂತಿ ಕಡೆಗೆ ಬಾಗುತ್ತೆ. ಸ್ಟೇ ಸಡಿಲ. "ಆ್ಯಂಕರ್ ಕಿತ್ತು ಬಂತು" ಅಂತಾರೆ. ಕಿತ್ತು ಬಂದಿರುವುದಿಲ್ಲ, ರಾಡ್ ನೇರ ಆಗಿರುತ್ತೆ ಅಷ್ಟೆ. ಹಾಗಾಗಿ ಗುಂಡಿಯಿಂದ ಕಂಬದ ಕಡೆಗೆ ರಾಡ್ ಹಿಡಿಸುವಷ್ಟು ಸಣ್ಣ ಸೀಳು ಕೊರೆಯಬೇಕು. ಪ್ಲೇಟ್ ಎದುರಿನ ಮಣ್ಣು ಅಗೆಯದ ಮಣ್ಣಾಗಿರಬೇಕು. ತುಂಬಿದ ಮಣ್ಣನ್ನು ನಂಬಬೇಡಿ.

ಅರ್ಧ_ಇಂಜಿನಿಯರ್:
ಚಿನ್ನದಂಥ ಮಾತು ಸರ್. ಇದನ್ನು ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ.

ಆಳ ಯಾಕೆ ಮುಖ್ಯ ಅನ್ನುವುದಕ್ಕೆ ಕೈಲೆಕ್ಕ. ಪ್ಲೇಟ್ ಮೇಲೆ ಬರಬೇಕಾದರೆ ತನ್ನ ತಲೆ ಮೇಲಿನ ಮಣ್ಣನ್ನೆಲ್ಲ ಹೊತ್ತುಕೊಂಡು ಬರಬೇಕು. ಆ ಮಣ್ಣಿನ ಆಕಾರ ತಲೆಕೆಳಗಾದ ಗೋಪುರದ ತರಹ, ಕೆಳಗೆ ಪ್ಲೇಟಿನಷ್ಟು, ಮೇಲೆ ಹೋದಂತೆ ಅಗಲ. ಒಂದಡಿ ಚೌಕದ ಪ್ಲೇಟನ್ನು 1.5 ಮೀಟರ್ ಆಳದಲ್ಲಿ ಇಟ್ಟು, ಗೋಪುರದ ಬದಿ 30 ಡಿಗ್ರಿ ಅಗಲವಾಗುತ್ತೆ ಅಂತ ಇಟ್ಟುಕೊಂಡರೆ ಸುಮಾರು 4 ಟನ್ ಮಣ್ಣು. ಅದೇ ಪ್ಲೇಟನ್ನು ಅರ್ಧ ಆಳಕ್ಕೆ, ಅಂದರೆ 75 ಸೆಂ.ಮೀ.ಗೆ ಇಟ್ಟರೆ ಮುಕ್ಕಾಲು ಟನ್ ಮಾತ್ರ. ಆಳ ಅರ್ಧ ಆದರೆ ಹಿಡಿತ ಐದರಲ್ಲಿ ಒಂದು ಪಾಲು! ಮಣ್ಣು ಸಡಿಲ ಇದ್ದರೆ, ನೀರು ಕುಡಿದಿದ್ದರೆ ಇನ್ನೂ ಕಡಿಮೆ. ಇದು ಬರೀ ಅಂದಾಜು, ಆದರೆ ಇನ್ನೊಂದಡಿ ಅಗೆಯಲು ಸೋಮಾರಿತನ ಬಂದಾಗ ನೆನಪಿಸಿಕೊಳ್ಳಿ.

ಬುಲೆಟ್_ಬಸ್ಯಾ:
ಲೆಕ್ಕ ಚೆನ್ನಾಗಿದೆ. ಐದಡಿ ಗುಂಡಿ ತೋಡುವವರು ಯಾರು?

ಅರ್ಧ_ಇಂಜಿನಿಯರ್:
ಟ್ರ್ಯಾಕ್ಟರಿಗೆ ಹಾಕುವ ಗುಂಡಿ ಮಷಿನ್ ಇದೆಯಲ್ಲ. ಬುಲೆಟ್ ಮಾರಿ ತಗೊಳ್ಳಿ.

ದ್ರಾಕ್ಷಿ_ಚಪ್ಪರ:
ನಾನು ವಿಜಯಪುರದವನು. ನಿಮ್ಮದು ನಾಲ್ಕು ಮೂಲೆಯ ಚಿಂತೆ, ನಮ್ಮದು ಚಪ್ಪರದ ಸುತ್ತ ಪ್ರತಿಯೊಂದು ಅಂಚಿನ ಕಂಬದ ಚಿಂತೆ. ಹಣ್ಣು ತುಂಬಿದಾಗ ದ್ರಾಕ್ಷಿ ಚಪ್ಪರದ ಭಾರ ಎಲ್ಲಾ ತಂತಿ ಮೇಲೆ, ತಂತಿ ಎಳೆತ ಎಲ್ಲಾ ಅಂಚಿನ ಕಂಬಗಳ ಮೇಲೆ. ಒಂದು ಬದಿ ಸಡಿಲವಾದರೆ ಇಡೀ ಪ್ಲಾಟ್ ಕೂರುತ್ತೆ.

ನಾವು ಪ್ಲೇಟ್ ಗೀಟ್ ಏನೂ ತರುವುದಿಲ್ಲ. ಅಂಚಿನ ಕಂಬವನ್ನು ಸ್ವಲ್ಪ ಹೊರಗೆ ಓರೆ ಮಾಡಿ ನೆಡುತ್ತೇವೆ. ಅದರ ಆಚೆ ಗುಂಡಿ ತೋಡಿ, ಮೊಳ ಉದ್ದದ ಕಲ್ಲಿನ ನಡುವಿಗೆ ದಪ್ಪ ಜಿಐ ತಂತಿ ಸುತ್ತಿ, ಕಲ್ಲನ್ನು ಅಡ್ಡ ಮಲಗಿಸಿ ಹೂಳುತ್ತೇವೆ. ಅಡ್ಡ ಅಂದರೆ ಎಳೆತಕ್ಕೆ ಅಡ್ಡ. ಉದ್ದುದ್ದ ಮಲಗಿಸಿದರೆ ಹಾವು ಬಿಲದಿಂದ ಬಂದ ಹಾಗೆ ಜಾರಿ ಬರುತ್ತೆ, ಒಂದು ವರ್ಷ ಅನುಭವಿಸಿದ್ದೇನೆ. ನಿಮ್ಮಲ್ಲಿ ಮುರಿದ ಕಲ್ಲು ಬಿದ್ದಿದ್ದರೆ ದುಡ್ಡು ಖರ್ಚಿಲ್ಲ.

ಒಂದು ಎಚ್ಚರ. ಹೂತ ತಂತಿ ತುಕ್ಕು ಹಿಡಿಯುವುದು ಆಳದಲ್ಲಲ್ಲ, ನೆಲದ ಮಟ್ಟದಲ್ಲಿ. ಗಾಳಿ, ನೀರು, ಗೊಬ್ಬರದ ಉಪ್ಪು ಮೂರೂ ಸೇರುವುದು ಅಲ್ಲೇ. ಅಷ್ಟು ಭಾಗಕ್ಕೆ ತಂತಿ ಬದಲು ಸರಳು ಹಾಕಿದರೆ ಒಳ್ಳೆಯದು. ಇಲ್ಲವೇ ಟಾರ್ ಬಳಿದು ಹಳೆ ಡ್ರಿಪ್ ಪೈಪ್ ತೂರಿಸಿ.

ಗಡಾರಿ_ಗುರು:
ಡ್ರಿಪ್ ಪೈಪ್ ಐಡಿಯಾ ಕದ್ದೆ ಅಣ್ಣಾ.

ಹೊಯ್ಗೆ_ಮನೆ:
ಕುಂದಾಪುರ ಕಡೆಯಿಂದ. ನಮ್ಮದು ಎರೆಯೂ ಅಲ್ಲ, ಗರಸೂ ಅಲ್ಲ, ಬರೀ ಹೊಯ್ಗೆ, ಅಂದರೆ ಮರಳು. ಗೂಟ ಹೊಡೆದರೆ ಬೆಣ್ಣೆಗೆ ಹೊಡೆದ ಹಾಗೆ ಇಳಿಯುತ್ತೆ, ಹಾಗೇ ಬರುತ್ತೆ. ಶಾಮಿಯಾನದವರು ಹೊಯ್ಗೆಯಲ್ಲಿ ಗೂಟ ನಂಬುವುದಿಲ್ಲ. ಗೋಣಿಚೀಲಕ್ಕೆ ಹೊಯ್ಗೆ ತುಂಬಿ, ಬಾಯಿ ಕಟ್ಟಿ, ಹಗ್ಗ ಸುತ್ತಿ ಅದನ್ನೇ ಹೂಳುತ್ತಾರೆ. ಚಿಕ್ಕಂದಿನಲ್ಲಿ ಟೆಂಟ್ ಮೇಳದ ಆಟ ನೋಡಲು ಬೇಗ ಹೋಗಿ ಡೇರೆ ಎಬ್ಬಿಸುವುದನ್ನೇ ನೋಡುತ್ತಾ ಕೂರುತ್ತಿದ್ದೆ. ಗಟ್ಟಿ ನೆಲದಲ್ಲಿ ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿಸಿ ಹೊಡೆಯುತ್ತಿದ್ದರು. ಡೇರೆ ಕಡೆಗೆ ವಾಲಿಸಿದರೆ ಹಗ್ಗ ಜಾರಿ ಬರುತ್ತೆ.

ಸುಮ್ನೆ_ಓದುವೆ:
ಆಟಕ್ಕಿಂತ ಗೂಟ ನೋಡಿದವರನ್ನು ಇವತ್ತೇ ಕಂಡಿದ್ದು.

ಹೊಸ_ಬೇಲಿ:
ಎಲ್ಲರಿಗೂ ಧನ್ಯವಾದ. ಆದರೆ ಸ್ಕ್ರೂ ಆ್ಯಂಕರ್ ಬಗ್ಗೆ ಯಾರೂ ಹೇಳಲಿಲ್ಲ?

ಅಮ್ಮನ_ತೋಟ:
ನಾನು ತರಿಸಿದ್ದೆ, ನಾಲ್ಕು. ಎರಡು ಗರಸಿನಲ್ಲಿ ಅರ್ಧ ಇಳಿದು ತಿರುಚಿಕೊಂಡವು. ಒಂದರ ಹಿಡಿ ಮುರಿಯಿತು. ನಾಲ್ಕನೆಯದಕ್ಕೆ ಈಗ ಕರು ಕಟ್ಟುತ್ತೇವೆ, ಚೆನ್ನಾಗಿದೆ.

ಅರ್ಧ_ಇಂಜಿನಿಯರ್:
ಮೇಡಂ ತರಿಸಿದ್ದು ಡೇರೆಗೆ ಬಳಸುವ ಸಣ್ಣದು ಇರಬೇಕು. ಅದನ್ನು ನೋಡಿ ಸ್ಕ್ರೂ ಆ್ಯಂಕರನ್ನೇ ಬೈಯಬೇಡಿ. ದೊಡ್ಡವು ಬೇರೆ. ದಪ್ಪ ರಾಡ್, ಕೆಳಗೆ ತಟ್ಟೆಯಗಲದ ಸುರುಳಿ ಪ್ಲೇಟ್, ಮಷಿನ್ನಿನಲ್ಲೇ ತಿರುಗಿಸಿ ಇಳಿಸಬೇಕು. ಲಾಭ ಏನೆಂದರೆ ಮಣ್ಣು ಅಗೆಯುವುದೇ ಇಲ್ಲ, ಹಾಗಾಗಿ ಕಂಬದವರು ಹೇಳಿದ "ಅಗೆಯದ ಮಣ್ಣು" ತಾನಾಗಿಯೇ ಸಿಗುತ್ತೆ. ತಿರುಗಿಸಲು ಎಷ್ಟು ಬಲ ಬೇಕಾಯಿತು ಅನ್ನುವುದರ ಮೇಲೆ ಎಷ್ಟು ಹಿಡಿಯುತ್ತೆ ಅಂತ ಅಂದಾಜೂ ಮಾಡಬಹುದು. ಕಲ್ಲು ಇರುವ ನೆಲಕ್ಕೆ ಮಾತ್ರ ಆಗದು. ಬಂಡೆ ಸಿಕ್ಕರೆ ತೂತು ಕೊರೆದು ಸರಳು ಇಟ್ಟು ಸಿಮೆಂಟ್ ಹಾಲು ತುಂಬುವುದೇ ಸರಿ.

ಇದು ಹೊಸದೂ ಅಲ್ಲ. ಅಲೆಕ್ಸಾಂಡರ್ ಮಿಚೆಲ್ ಅಂತ ಐರ್ಲೆಂಡಿನ ಇಂಜಿನಿಯರ್ 1833ರಲ್ಲೇ ಸ್ಕ್ರೂ ಪೈಲಿಗೆ ಪೇಟೆಂಟ್ ಪಡೆದ. ಸಮುದ್ರದ ಮರಳು ದಿಣ್ಣೆ ಮೇಲೆ ದೀಪಸ್ತಂಭಗಳು ನಿಂತಿದ್ದು ಅದರ ಮೇಲೆ. ಆತನಿಗೆ ಕಣ್ಣು ಕಾಣುತ್ತಿರಲಿಲ್ಲ.

ಹೊಯ್ಗೆ_ಮನೆ:
ಹೊಯ್ಗೆಗೆ ಮದ್ದು ಇದೆ ಅಂತಾಯ್ತು ಹಾಗಾದರೆ.

ಬುಲೆಟ್_ಬಸ್ಯಾ:
ಕಣ್ಣು ಕಾಣದವರು ದೀಪಸ್ತಂಭ ನಿಲ್ಲಿಸಿದರು. ಕಣ್ಣಿದ್ದವರು ಸಪೋರ್ಟ್ ಕಲ್ಲು ಹೊರಗೆ ಇಟ್ಟರು.

ದೂರದ_ದನ:
ಟೆಕ್ಸಾಸಿನಿಂದ. ಇಲ್ಲಿ ಪಕ್ಕದಲ್ಲೇ ದನದ ರ‍್ಯಾಂಚ್ ಇದೆ, ಬೇಲಿ ಮೈಲಿಗಟ್ಟಲೆ. ಮೂಲೆಯಲ್ಲಿ ಸ್ಟೇ ಕಾಣುವುದು ಅಪರೂಪ. ಎಚ್ ಬ್ರೇಸ್ ಅಂತ ಮಾಡುತ್ತಾರೆ. ಮೂಲೆ ಕಂಬ, ಅದರಿಂದ ಎಂಟಡಿ ದೂರಕ್ಕೆ ಅದೇ ಸಾಲಿನಲ್ಲಿ ಇನ್ನೊಂದು ಗಟ್ಟಿ ಕಂಬ, ಎರಡರ ನಡುವೆ ಮೇಲುಗಡೆ ಅಡ್ಡ ತೊಲೆ. ಆಮೇಲೆ ಕರ್ಣಕ್ಕೆ ಜೋಡಿ ತಂತಿ ಹಾಕಿ ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡುತ್ತಾರೆ. ಎಲ್ಲಾ ಬೇಲಿ ಸಾಲಿನಲ್ಲೇ ಇರುತ್ತೆ, ಪಕ್ಕದವರ ಜಮೀನಿಗೆ ಹೋಗುವ ಹಾಗಿಲ್ಲ. ತಂತಿ ಮೂಲೆ ಕಂಬದ ತಲೆಯಿಂದ ಎರಡನೇ ಕಂಬದ ಬುಡಕ್ಕೆ.

ಗಡಾರಿ_ಗುರು:
ನಿಲ್ಲಿ ನಿಲ್ಲಿ. ಅದು ಉಲ್ಟಾ ಅಲ್ವಾ? ಮೂಲೆ ಕಂಬದ ತಲೆಯನ್ನು ಬೇಲಿ ಒಳಗೆ ಎಳೆಯುತ್ತಿದೆ. ನೀವೂ ಅದೇ ತಲೆಗೆ ತಂತಿ ಕಟ್ಟಿ ಒಳಗೇ ಎಳೆದರೆ?

ದೂರದ_ದನ:
ಈಗಷ್ಟೇ ಹೊರಗೆ ಹೋಗಿ ನೋಡಿ ಬಂದೆ. ನೀವು ಹೇಳಿದ್ದೇ ಸರಿ. ಮೂಲೆ ಕಂಬದ ಬುಡದಿಂದ ಎರಡನೇ ಕಂಬದ ತಲೆಗೆ. ಮೂಲೆ ಕಂಬ ತೊಲೆಯನ್ನು ತಳ್ಳುತ್ತೆ, ತೊಲೆ ಎರಡನೇ ಕಂಬದ ತಲೆಯನ್ನು ತಳ್ಳುತ್ತೆ, ಆ ತಲೆಯನ್ನು ತಂತಿ ಹಿಡಿದು ಮೂಲೆ ಬುಡಕ್ಕೆ ಕಟ್ಟಿಹಾಕಿರುತ್ತೆ. ಮಂಡ್ಯದಲ್ಲಿ ಕೂತು ಟೆಕ್ಸಾಸ್ ಬೇಲಿ ತಿದ್ದಿದಿರಿ ಗುರುಗಳೇ.

ಗಡಾರಿ_ಗುರು:
ತಂತಿ ಎಲ್ಲೂ ತಂತಿನೇ ಅಣ್ಣಾ.

ಕುರಿ_ಲೆಕ್ಕ:
ಒಂದು ಸಣ್ಣ ಮಾತು. ಓರೆ ಸಪೋರ್ಟ್ ಕಲ್ಲು ಆಡಿಗೆ ಮೆಟ್ಟಿಲು. ನಮ್ಮ ಹೋತ ಪಕ್ಕದ ಹೊಲದಲ್ಲಿ ಸಪೋರ್ಟ್ ಕಲ್ಲು ಹತ್ತಿ, ಮೂಲೆ ಕಲ್ಲಿನ ಮೇಲೆ ನಾಲ್ಕೂ ಕಾಲು ಸೇರಿಸಿ ನಿಂತು, ಸುತ್ತ ಒಮ್ಮೆ ನೋಡಿ ಆಚೆ ಹಾರುತ್ತಿತ್ತು. ಎರಡು ಸಲ ದಂಡ ಕಟ್ಟಿದ್ದೇನೆ.

ಸುಮ್ನೆ_ಓದುವೆ:
ಸುತ್ತ ಒಮ್ಮೆ ನೋಡಿ 😂

ಮಲ್ನಾಡ್_ಜಿಗಣೆ:
ನೀವು ಆಡು ಅಂತೀರಿ. ನಾಗರಹೊಳೆ ಕಡೆ ಆನೆ ತಡೆಯಲು ರೈಲು ಹಳಿ ನೆಟ್ಟಿದ್ದಾರೆ. ಅಲ್ಲಿ ಮೂಲೆ ಕಲ್ಲು, ಸ್ಟೇ ಎಲ್ಲಾ ಆನೆಗೆ ಹಲ್ಲುಕಡ್ಡಿ.

ಹೊಸ_ಬೇಲಿ:
ಆನೆ ಇಲ್ಲ ಪುಣ್ಯಕ್ಕೆ. ನನ್ನ ತೊಂದರೆ ಬೇರೆ. ಮೂಲೆಯ ಹೊರಗೆ ಸ್ಟೇ ಹಾಕಬೇಕೆಂದರೆ ಒಂದು ಕಡೆ ಬಂಡಿ ದಾರಿ, ಇನ್ನೊಂದು ಕಡೆ ಪಕ್ಕದವರ ಹೊಲ. ಅವರ ಬದುವಿನ ಅಂಚಿಗೆ ಕಡಿದಾಗಿ ಇಳಿಸಿದರೆ ನಡೆಯುತ್ತಾ?

ಅರ್ಧ_ಇಂಜಿನಿಯರ್:
ನಡೆಯುತ್ತೆ, ಆದರೆ ಬೆಲೆ ಇದೆ. ಸ್ಟೇ ತಂತಿ ಕಂಬದೊಂದಿಗೆ 45 ಡಿಗ್ರಿ ಇದ್ದರೆ, ಬೇಲಿ 100 ಕೆಜಿ ಎಳೆದಾಗ ತಂತಿ ಮೇಲೆ 141 ಕೆಜಿ ಬೀಳುತ್ತೆ. 30 ಡಿಗ್ರಿಗೆ ಇಳಿಸಿದರೆ 200 ಕೆಜಿ. ಜೊತೆಗೆ ಕಲ್ಲನ್ನು ಕೆಳಗೆ ಒತ್ತುವ ಭಾರವೂ ಏರುತ್ತೆ, ಮೆತ್ತಗಿನ ಎರೆಯಲ್ಲಿ ಕಲ್ಲು ಕೂರುತ್ತೆ. ಕಲ್ಲಿನ ಕೆಳಗೆ ಚಪ್ಪಡಿ ಇಡಿ. 30ಕ್ಕಿಂತ ಕಡಿದು ಬೇಡ.

ಕಂಬ_ಹತ್ತಿದವ:
ನಾವೂ 30ರಿಂದ 45ರ ಒಳಗೇ ಇಡುತ್ತಿದ್ದೆವು. ಜಾಗ ಇಲ್ಲದ ಕಡೆ ದಾರಿಯಾಚೆ ಇನ್ನೊಂದು ಮೋಟು ಕಂಬ ನೆಟ್ಟು, ಮೇಲಿಂದ ಮೇಲೆ ತಂತಿ ದಾಟಿಸಿ, ಆ ಮೋಟು ಕಂಬಕ್ಕೆ ಸ್ಟೇ ಕೊಡುತ್ತಿದ್ದೆವು. ಫ್ಲೈಯಿಂಗ್ ಸ್ಟೇ. ಬಂಡಿ, ಲಾರಿ ಕೆಳಗೆ ಹೋಗಬಹುದು. ಬೇಲಿಗೆ ಅದು ಬೇಡ ಬಿಡಿ, ನಾಳೆ ಹುಲ್ಲಿನ ಗಾಡಿ ಸಿಕ್ಕಿಕೊಂಡು ಜಗಳ.

ಯಾವುದೇ ಸ್ಟೇ ಹಾಕಿದರೂ ಅದಕ್ಕೊಂದು ಹಳೆ ಪೈಪ್ ತೂರಿಸಿ ಹಳದಿ ಬಣ್ಣ ಬಳಿಯಿರಿ. ಕತ್ತಲಲ್ಲಿ ಬೈಕಿನವನ ಕುತ್ತಿಗೆ ಕಾಯುವುದು ಅದೇ.

ಅಮ್ಮನ_ತೋಟ:
ಪಕ್ಕದವರನ್ನು ಬಾಯಿಬಿಟ್ಟು ಕೇಳಿದ್ದೀರಾ? ಬೆಂಗಳೂರಿನಿಂದ ಫೋನಿನಲ್ಲಿ ಕೇಳಬೇಡಿ. ಹೋಗಿ, ಕೂತು, ಕಾಫಿ ಕುಡಿದು ಕೇಳಿ.

ಹೊಸ_ಬೇಲಿ (ಮೂರು ವಾರದ ನಂತರ):
ಅಪ್ಡೇಟ್.

ಲೈನ್‌ಮನ್ ಬಂದು ಲೈನ್ ಆಫ್ ಮಾಡಿ ನನ್ನ ತಂತಿ ಬಿಚ್ಚಿದರು. ನನಗೆ ಚೆನ್ನಾಗಿ ಬೈದರು. ಮೇಲೆ ನೋಡಿದರೆ ಇನ್ಸುಲೇಟರಿನಲ್ಲಿ ಸೀಳು ಇತ್ತು, ಅದನ್ನೂ ಬದಲಿಸಿದರು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂಲೆ ಕಲ್ಲು ಕಿತ್ತಾಗ ಇನ್ನೊಂದು ಗೊತ್ತಾಯಿತು. ಎರಡಡಿ ಅಂದಿದ್ದರು, ಒಳಗಿದ್ದಿದ್ದು ಒಂದೂಕಾಲು ಅಡಿ. ಉಳಿದಿದ್ದನ್ನು ಬುಡ ಒಡೆದು ಗಿಡ್ಡ ಮಾಡಿದ್ದರು, ನೆಲದ ಮೇಲೆ ಅಳೆದರೆ ಗೊತ್ತಾಗುವುದಿಲ್ಲ ಅಂತ. ಫೋನ್ ಮಾಡಿದರೆ ಎತ್ತುತ್ತಿಲ್ಲ.

ಈಗ ಎಂಟಡಿ ಕಲ್ಲು ತಂದು ಮೂರಡಿ ಹೂತಿದ್ದೇನೆ. ಕೆಳಗೆ ಚಪ್ಪಡಿ, ಸುತ್ತ ಮೇಲಿನ ಮೂಲೆಯ ಗರಸು, ಆರಾರು ಇಂಚು ಕುಟ್ಟಿಸಿದೆ. ಎರಡು ಸಾಲಿಗೂ ಉದ್ದದ ಸಪೋರ್ಟ್ ಕಲ್ಲು. ಪಕ್ಕದವರ ಮನೆಗೆ ಹೋಗಿ ಕೂತೆ, ಕಾಫಿ ಅಲ್ಲ, ಮಜ್ಜಿಗೆ ಸಿಕ್ಕಿತು. "ಬದುವಿನೊಳಗೆ ಹೂತುಕೋ ಮಗಾ, ನೇಗಿಲಿಗೆ ಸಿಗಬಾರದು ಅಷ್ಟೆ" ಅಂದರು. ಹಳೆಯ ಕಲ್ಲಿನ ಮೂರಡಿ ತುಂಡನ್ನೇ ನಾಲ್ಕೂವರೆ ಅಡಿ ಆಳದಲ್ಲಿ ಎಳೆತಕ್ಕೆ ಅಡ್ಡವಾಗಿ ಮಲಗಿಸಿದೆ. ಅದಕ್ಕೆ ಸರಳು, ಡ್ರಿಪ್ ಪೈಪ್, ಟರ್ನ್ ಬಕಲ್. ಕೋನ ಮೂವತ್ತರ ಮೇಲೆ ಸ್ವಲ್ಪ. ಮೊನ್ನೆ ಜೋರು ಮಳೆಯಾಯಿತು, ತೂಗುಗುಂಡು ಹಿಡಿದು ನೋಡಿದೆ, ಅಲುಗಿಲ್ಲ.

ಕಂಬ_ಹತ್ತಿದವ:
ಒಂದು ವರ್ಷ ಬಿಟ್ಟು ಹೇಳಿ. ಒಂದು ಬೇಸಿಗೆ, ಒಂದು ಮಳೆಗಾಲ ದಾಟಲಿ. ಟರ್ನ್ ಬಕಲ್ ನಡುವೆ ಒಂದೆರಡು ಸಲ ಬಿಗಿ ಮಾಡಬೇಕಾಗುತ್ತೆ. ಹೊಸ ಮಣ್ಣು ಕೂರುತ್ತೆ.

ಎರೆ_ಹೊಲ:
ಏಪ್ರಿಲ್‌ನಲ್ಲಿ ಬುಡದ ಬಿರುಕು ನೋಡಿ, ಬಿದ್ದರೆ ಗರಸು ತುಂಬಿ. ಮರೆಯಬೇಡಿ.

ಕುರಿ_ಲೆಕ್ಕ:
ಸಪೋರ್ಟ್ ಕಲ್ಲು ಎಷ್ಟು ಓರೆ ಇಟ್ಟಿದ್ದೀರಿ?

ಹೊಸ_ಬೇಲಿ:
ಸುಮಾರು 45. ಯಾಕೆ?

ಕುರಿ_ಲೆಕ್ಕ:
ನಮ್ಮ ಹೋತ ಆರಾಮಾಗಿ ಹತ್ತುತ್ತೆ. ಒಂದೆರಡು ಸುತ್ತು ಮುಳ್ಳುತಂತಿ ಸುತ್ತಿಬಿಡಿ.